ಗಾಳಿ ತುಂಬಿದ ಶ್ವಾಸಕೋಶವನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡೋದು ಹೇಗೆ?

ಪ್ರಶ್ನೆ: ಅಲ್ಟ್ರಾಸೌಂಡ್ ಗಾಳಿಯಲ್ಲಿ ಹಾಯುವುದಿಲ್ಲ ಅಂತಾರೆ. ಹಾಗಿದ್ದರೆ ಹಿಮಾಲಯದಲ್ಲಿ ವೈದ್ಯರು ಪುಟ್ಟ ಸ್ಕ್ಯಾನರ್ ಹಿಡಿದು ಎದೆಯ ತೊಂದರೆ ಪತ್ತೆ ಮಾಡೋದು ಹೇಗೆ?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆರೋಗ್ಯವಾಗಿರುವ ಶ್ವಾಸಕೋಶದ ಒಳಭಾಗ ಇದರಲ್ಲಿ ಕಾಣುವುದಿಲ್ಲ. ಸ್ಕ್ಯಾನರ್ ಕಳಿಸುವ ಶಬ್ದದ ಅಲೆಗಳು ಹೊರಪೊರೆಗೆ ಬಡಿದು ವಾಪಸ್ ಬರುತ್ತವೆ. ಪರದೆಯ ಮೇಲೆ ಒಂದರ ಕೆಳಗೊಂದು ಅಡ್ಡಗೆರೆ ಮೂಡುತ್ತವೆ, ಅಷ್ಟೇ.

ಶ್ವಾಸಕೋಶದಲ್ಲಿ ನೀರು ಸೇರತೊಡಗಿದರೆ ಮಾತ್ರ ಚಿತ್ರವೇ ಬೇರೆ. ಪೊರೆಯಿಂದ ಕೆಳಕ್ಕೆ, ಟಾರ್ಚ್ ಬಿಟ್ಟ ಹಾಗೆ, ಬಿಳಿ ಉದ್ದಗೆರೆಗಳು ಇಳಿಯುತ್ತವೆ. ಇವೇ ಬಿ-ಲೈನ್. ನೀರು ಹೆಚ್ಚಿದಂತೆ ಗೆರೆಗಳೂ ಹೆಚ್ಚುತ್ತವೆ. ಎತ್ತರಕ್ಕೆ ಬೇಗ ಏರಿದವರಲ್ಲಿ ಕೆಲವರಿಗೆ ಎರಡು-ನಾಲ್ಕು ದಿನದೊಳಗೆ ಹೀಗೆ ನೀರು ತುಂಬುತ್ತದೆ. ಜೀವಕ್ಕೇ ಅಪಾಯ. ಎವರೆಸ್ಟ್ ದಾರಿಯಲ್ಲಿ, 4,200 ಮೀಟರ್‌ಗೂ ಮೇಲಿರುವ ನೇಪಾಳದ ಫೆರಿಚೆ ಕ್ಲಿನಿಕ್‌ನಲ್ಲಿ ಇಂಥವರನ್ನು ಸ್ಕ್ಯಾನ್ ಮಾಡಿ ನೋಡಿದರು. 2007ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಕಾಯಿಲೆಯವರಲ್ಲಿ ಗೆರೆಗಳು ತುಂಬ ಜಾಸ್ತಿ ಇದ್ದವು. ಚೇತರಿಸಿಕೊಂಡು ರಕ್ತದ ಆಮ್ಲಜನಕ ಏರಿದಂತೆ ಗೆರೆಗಳೂ ಕಡಿಮೆಯಾದವು. ಎಕ್ಸ್‌ರೇ ಇಲ್ಲದ ಬೆಟ್ಟದ ಮೇಲೆ ಇದು ಎಂಥ ದೊಡ್ಡ ಅನುಕೂಲ ಅಲ್ವಾ!

ಪೆಟ್ಟು ಬಿದ್ದು ಶ್ವಾಸಕೋಶದ ಸುತ್ತ ಗಾಳಿ ಸೋರಿದ್ದರೂ ಸುಳಿವು ಸಿಗುತ್ತದೆ. ಉಸಿರಾಡುವಾಗ ಪೊರೆ ಎದೆಗೂಡಿನ ಒಳಬದಿಗೆ ತಾಗಿ ಜಾರುತ್ತಿರಬೇಕು. ಆ ಜಾರಾಟ ನಿಂತಿದ್ದರೆ ಅನುಮಾನ ಪಡಬೇಕು. ಹೆಲಿಕಾಪ್ಟರ್‌ನ ಸದ್ದಿನಲ್ಲಿ ಸ್ಟೆತಾಸ್ಕೋಪ್ ಏನೂ ಕೇಳಿಸದು. ಪರದೆಯಲ್ಲಿ ಮಾತ್ರ ಇದು ಕಣ್ಣಿಗೆ ಕಾಣುತ್ತದೆ.

ಮಿತಿಗಳೂ ಇವೆ. ನ್ಯುಮೋನಿಯಾದಲ್ಲೂ, ಹೃದಯ ಸೋತಾಗಲೂ ಬಿ-ಲೈನ್ ಬರುತ್ತವೆ. ಪೊರೆಯನ್ನು ಮುಟ್ಟದ, ಆಳದ ಗಡ್ಡೆ ಕಾಣುವುದೇ ಇಲ್ಲ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಸ್ಕ್ಯಾನ್‌ಗೆ ಮುನ್ನ ಚರ್ಮಕ್ಕೆ ಹಚ್ಚುವ ಜೆಲ್ ಗಟ್ಟಿಯಾಗುತ್ತದೆ. ಎರಡನ್ನೂ ಜಾಕೆಟ್ ಒಳಗೇ ಇಟ್ಟುಕೊಳ್ಳಬೇಕು. ಇನ್ನು ಭಾರತದಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಿದೆ. ಕೈಯಲ್ಲಿ ಹಿಡಿಯುವ ಯಂತ್ರಕ್ಕೂ ನೋಂದಣಿ ಬೇಕು, ಎಲ್ಲಿ ಬಳಸಬಹುದು ಅನ್ನೋದಕ್ಕೂ ಕಟ್ಟುನಿಟ್ಟಿನ ನಿಯಮವಿದೆ. ಟ್ರೆಕಿಂಗ್ ತಂಡದವರು ಸುಮ್ನೆ ಕೊಂಡು ಚೀಲಕ್ಕೆ ಹಾಕಿಕೊಳ್ಳುವ ವಸ್ತು ಇದಲ್ಲ.

ಬೆಂಗಳೂರಿಂದ ವಿಮಾನದಲ್ಲಿ ಸುಮಾರು 3,500 ಮೀಟರ್ ಎತ್ತರದ ಲೇಹ್‌ಗೆ ಹೋಗುವವರಿಗೆ ಒಂದು ಮಾತು: ಸುಮ್ಮನೆ ಕೂತಾಗಲೂ ಏದುಸಿರು ಬರುತ್ತಿದ್ದರೆ ಸ್ಕ್ಯಾನ್‌ಗೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ ಆಮ್ಲಜನಕ ತೆಗೆದುಕೊಳ್ಳಿ. ಆಸ್ಪತ್ರೆಯೇ ಇಲ್ಲದ ಕಡೆ ಇದ್ದರೆ, ರಾತ್ರಿಯಾದರೂ ಸರಿ, ಜೊತೆಗೊಬ್ಬರನ್ನು ಕರೆದುಕೊಂಡು ಕೆಳಗಿಳಿಯಿರಿ.