ದೇಶದ ಮೂರನೇ ಒಂದು ತೆರಿಗೆ ಮುಂಬಯಿಯದಾದರೆ, ದುಡಿಮೆಯೂ ಅಷ್ಟೇ ಇಲ್ಲಿದೆಯೇ?

ಓದುಗರ ಪ್ರಶ್ನೆ: ದೇಶದ ಆದಾಯ ತೆರಿಗೆಯಲ್ಲಿ ಮೂರನೇ ಒಂದು ಪಾಲು ಮುಂಬಯಿಯದು ಎನ್ನುವ ಮಾತು ಇಲ್ಲಿನ ಕನ್ನಡ ಸಂಘಗಳ ವೇದಿಕೆಯಲ್ಲೂ ಕೇಳಿಬರುತ್ತದೆ. ಹಾಗಾದರೆ ದೇಶದ ಉತ್ಪಾದನೆಯಲ್ಲೂ ಮೂರನೇ ಒಂದು ಪಾಲು ಇಲ್ಲಿಯದೇ?

ಅಲ್ಲ. ತೆರಿಗೆಯ ಮಾತು ಹೆಚ್ಚುಕಡಿಮೆ ಸರಿ, ಅದರಿಂದ ಎಳೆಯುವ ತೀರ್ಮಾನ ತಪ್ಪು. ದೇಶದ ಜಿಡಿಪಿಯಲ್ಲಿ ಇಡೀ ಮಹಾರಾಷ್ಟ್ರದ ಪಾಲೇ ಶೇ. 13-14ರ ಆಸುಪಾಸಿನಲ್ಲಿದೆ. ಥಾಣೆ, ಡೊಂಬಿವಲಿ, ನವಿ ಮುಂಬಯಿ, ವಸಯಿ-ವಿರಾರ್ ಎಲ್ಲವೂ ಸೇರಿದ ಮಹಾನಗರ ಪ್ರದೇಶದ ಆರ್ಥಿಕತೆ ಸುಮಾರು 140 ಬಿಲಿಯನ್ ಡಾಲರ್ ಎಂದು ನೀತಿ ಆಯೋಗ 2024ರ ಯೋಜನೆಯಲ್ಲಿ ಹೇಳಿದೆ. ಅಂದರೆ ದೇಶದ ಶೇ. 4ರಷ್ಟು.

ಈ ಅಂತರಕ್ಕೆ ಕಾರಣ ಲೆಕ್ಕ ಬರೆಯುವ ಜಾಗ. ಕಂಪನಿ ತನ್ನ ಆದಾಯ ತೆರಿಗೆಯನ್ನು ಶಾಖೆಗೊಂದು ಕಡೆ ಕಟ್ಟುವುದಿಲ್ಲ. ಇಡೀ ಲಾಭದ ಲೆಕ್ಕ ಒಂದೇ ಪ್ಯಾನ್‌ನಲ್ಲಿ, ಸಾಮಾನ್ಯವಾಗಿ ನೋಂದಾಯಿತ ಕಚೇರಿ ಇರುವ ಊರಿನ ವಲಯದಲ್ಲಿ ಸೇರುತ್ತದೆ. ಸ್ಟೇಟ್ ಬ್ಯಾಂಕ್, ಎಲ್‌ಐಸಿ, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಎಲ್ಲದರ ಪ್ರಧಾನ ಕಚೇರಿ ಇಲ್ಲೇ. ಶಿರಸಿಯ ಅಡಿಕೆ ಬೆಳೆಗಾರ ಕಟ್ಟುವ ವಿಮೆಯ ಕಂತಿನಿಂದ ಲಾಭ ಬಂದರೆ ಅದರ ತೆರಿಗೆ ಮುಂಬಯಿಯ ಖಾತೆಗೆ.

ನಮ್ಮವರಿಗೆ ಇನ್ನೂ ಹತ್ತಿರದ ಉದಾಹರಣೆ ಕಾರ್ಪೊರೇಷನ್ ಬ್ಯಾಂಕ್. 1906ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಈ ಬ್ಯಾಂಕು 2020ರ ಏಪ್ರಿಲ್ 1ರಂದು ಮುಂಬಯಿಯ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಕರಾವಳಿಯ ಶಾಖೆಗಳ ಠೇವಣಿದಾರರು, ಸಾಲಗಾರರು ಅಲ್ಲೇ ಉಳಿದರು. ಆ ವ್ಯವಹಾರದ ಲಾಭದ ಮೇಲಿನ ತೆರಿಗೆ ಮಾತ್ರ ಮಂಗಳೂರಿನ ಲೆಕ್ಕದಿಂದ ಮುಂಬಯಿಯ ಲೆಕ್ಕಕ್ಕೆ ದಾಟಿತು. ಮಾಟುಂಗದ ಒಂದು ಉಡುಪಿ ಹೋಟೆಲ್ಲಿನಲ್ಲಾದರೋ ಇಡ್ಲಿ ಬೇಯುವುದೂ ಇಲ್ಲೇ, ತೆರಿಗೆ ಸೇರುವುದೂ ಇಲ್ಲೇ; ಆದರೆ ಮೊತ್ತ ಎಷ್ಟು ಮಹಾ!

ಸಂಬಳ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ, ಅಂದರೆ ಟಿಡಿಎಸ್ ಕೂಡ ಹೀಗೆಯೇ. ಅನೇಕ ಕಂಪನಿಗಳು ಎಲ್ಲ ಊರಿನ ನೌಕರರ ಕಡಿತವನ್ನೂ ಪ್ರಧಾನ ಕಚೇರಿಯ ಒಂದೇ ಟ್ಯಾನ್ (ತೆರಿಗೆ ಕಡಿತ ಖಾತೆ) ಸಂಖ್ಯೆಯಲ್ಲಿ ಕಟ್ಟುತ್ತವೆ. ನಿಮ್ಮ ಫಾರ್ಮ್ 16 ತೆಗೆದು ಟ್ಯಾನ್‌ನ ಮೊದಲ ಮೂರು ಅಕ್ಷರ ನೋಡಿ: ಎಂ-ಯು-ಎಂ ಇದ್ದರೆ ಮುಂಬಯಿ, ಪಿ-ಎನ್-ಇ ಪುಣೆ, ಬಿ-ಎಲ್-ಆರ್ ಬೆಂಗಳೂರು. ಹುಬ್ಬಳ್ಳಿಯಲ್ಲಿ ಕೆಲಸ ಮಾಡುವವರ ಫಾರ್ಮಿನಲ್ಲೂ ಎಂ-ಯು-ಎಂ ಇರಬಹುದು. ಜಿಎಸ್‌ಟಿಯಲ್ಲಿ ಈ ಗೊಂದಲ ಕಡಿಮೆ, ರಾಜ್ಯದ ಪಾಲು ಸರಕು ಬಳಕೆಯಾಗುವ ರಾಜ್ಯಕ್ಕೆ ಹೋಗುತ್ತದೆ.

ಹಾಗೆಂದು ಮುಂಬಯಿ ಬರೀ ಲೆಕ್ಕದ ಪುಸ್ತಕ ಎನ್ನುವುದೂ ಅನ್ಯಾಯ. ವಜ್ರದ ದಾರಿಯನ್ನೇ ನೋಡಿ. ವಿದೇಶದ ಕಚ್ಚಾ ಹರಳು ಬಾಂದ್ರಾ-ಕುರ್ಲಾ ಸಂಕೀರ್ಣದ ಭಾರತ್ ಡೈಮಂಡ್ ಬೋರ್ಸ್‌ನ ವ್ಯಾಪಾರಿಗಳ ಕೈಗೆ ಬರುತ್ತದೆ, ಆಂಗಡಿಯಾಗಳ, ಅಂದರೆ ನಂಬಿಕೆಯ ಮೇಲೆ ಬೆಲೆಬಾಳುವ ಸರಕು ಸಾಗಿಸುವವರ ಮೂಲಕ ಸೂರತ್‌ಗೆ ಹೋಗಿ ಕತ್ತರಿಸಿ ಹೊಳಪುಗೊಂಡು ಮರಳುತ್ತದೆ, ಇಲ್ಲಿಂದ ರಫ್ತಾಗುತ್ತದೆ. ಕಸುಬು ಸೂರತ್ತಿನದು, ಬಂಡವಾಳ, ಬ್ಯಾಂಕ್ ಸಾಲ, ಖರೀದಿದಾರ, ಕಸ್ಟಮ್ಸ್ ಮುಂಬಯಿಯವು. ಇವಿಲ್ಲದೆ ಸೂರತ್ತಿನ ಚಕ್ರ ತಿರುಗುವುದಿಲ್ಲ. ಆದರೆ ಇಲ್ಲೂ ಅಂಕಿ ಮೋಸ ಮಾಡುತ್ತದೆ. ಎಂಬತ್ತು ರೂಪಾಯಿಗೆ ತಂದ ಹರಳನ್ನು ನೂರಕ್ಕೆ ಮಾರಿದರೆ ರಫ್ತಿನ ಪಟ್ಟಿಯಲ್ಲಿ ನೂರು ಕಾಣುತ್ತದೆ, ಜಿಡಿಪಿಗೆ ಸೇರುವುದು ಹೆಚ್ಚೆಂದರೆ ಇಪ್ಪತ್ತು. ಅದರಲ್ಲೂ ಸೂರತ್‌ಗೆ ಪಾಲಿದೆ.

ಬ್ಯಾಂಕ್ ಸಾಲದ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಜಾಣತನ ತೋರಿದೆ: ಮಂಜೂರಾದ ಜಾಗಕ್ಕೊಂದು, ಬಳಕೆಯಾದ ಜಾಗಕ್ಕೊಂದು ಲೆಕ್ಕ ಇಡುತ್ತದೆ. ತೆರಿಗೆಗೂ ಇಂಥದೊಂದು ಪಟ್ಟಿ ಇದ್ದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ದುಡಿಮೆ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ ಇರುವುದು ನಮ್ಮ ಊರಿನ ವಿಚಿತ್ರವೇನಲ್ಲ. ಇಂಡೋನೇಷ್ಯಾದ ಕಾಲಿಮಂತಾನ್ ನೆಲದ ಕಲ್ಲಿದ್ದಲು ಅಗೆಯುವ ದೊಡ್ಡ ಕಂಪನಿಗಳ ಕಚೇರಿಗಳೂ ಹೆಚ್ಚಾಗಿ ಜಕಾರ್ತದಲ್ಲೇ ಇವೆ.

ಇಂಟರ್‌ನೆಟ್ಟಿನಲ್ಲಿ ಮುಂಬಯಿಯ ಜಿಡಿಪಿ 140ಕ್ಕಿಂತ ಬಹಳ ದೊಡ್ಡದಾಗಿ ಕಂಡರೆ, ಅದು ಕೊಳ್ಳುವ ಶಕ್ತಿಯ ಡಾಲರಿನ (ಪಿಪಿಪಿ, ಅಂದರೆ ಇಲ್ಲಿನ ಅಗ್ಗದ ಬೆಲೆಗೆ ಹೊಂದಿಸಿದ) ಲೆಕ್ಕವೇ ಎಂದು ಮೊದಲು ನೋಡಿ. ಭಾರತದ ಮಟ್ಟಿಗೆ ಆ ಲೆಕ್ಕ ಮಾರುಕಟ್ಟೆ ದರದ ಲೆಕ್ಕದ ಸುಮಾರು ನಾಲ್ಕು ಪಟ್ಟು ಬರುತ್ತದೆ. ಆಮೇಲೆ ಗಡಿ ನೋಡಿ: ದಹಿಸರ್-ಮುಲುಂಡ್‌ಗೆ ಮುಗಿಯುವ ಪಾಲಿಕೆಯೋ, ಡೊಂಬಿವಲಿಯನ್ನೂ ಒಳಗೊಂಡ ಮಹಾನಗರ ಪ್ರದೇಶವೋ?