ಕರೆಂಟ್ ಹೋದ್ರ ಫೋನ್ ಬರ್ತದೇನು?

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ದೊಡ್ಡವ್ವನ ಮನೆ. ದಪ್ಪ ಕಲ್ಲಿನ ಗೋಡೆ, ಕಾಲಡಿ ಶಹಾಬಾದ್ ಫರಸಿ. ಬೇಸಿಗೆಯಲ್ಲೂ ಒಳಗೆ ತಂಪು. ಆದರೆ ಬಿಸಿಲಿನಂತೆ ಮೊಬೈಲ್ ಸಿಗ್ನಲ್ಲೂ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಹಾಗಾಗಿ ಊರಿನ ಕೋಡ್ 08472ರ ಲ್ಯಾಂಡ್‌ಲೈನೇ ಆಕೆಗೆ ಆಸರೆ. ಹೋದ ವರ್ಷ ರಸ್ತೆ ಅಗೆದವರು ಕೇಬಲ್ ಕಡಿದುಬಿಟ್ಟರು. "ಫೈಬರ್ ಹಾಕಿಸ್ಕೋರಿ ಅವ್ವಾರ, ಫೋನ್ ಇಂಟರ್ನೆಟ್ ಮ್ಯಾಲ ನಡೀತದ" ಎಂದ ಲೈನ್‌ಮನ್. ದೊಡ್ಡವ್ವ ಕೇಳಿದ್ದು ಒಂದೇ ಮಾತು: "ಕರೆಂಟ್ ಹೋದ್ರ ಫೋನ್ ಬರ್ತದೇನಪಾ?"

ಎಂಜಿನಿಯರ್ ಆದವರಿಗೂ ತಟ್ಟನೆ ಹೊಳೆಯದ ಪ್ರಶ್ನೆ ಇದು. ತಾಮ್ರದ ಜೋಡಿ ತಂತಿಯಲ್ಲಿ ಮಾತಿನ ಜೊತೆ ವಿದ್ಯುತ್ತೂ ಹರಿದು ಬರುತ್ತಿತ್ತು. ಎಕ್ಸ್‌ಚೇಂಜಿನ ಬ್ಯಾಟರಿ ಸಾಲಿನಿಂದ 48 ವೋಲ್ಟ್. ಗಂಟೆ ಬಾರಿಸಲು ಅದರ ಮೇಲೆ ಸುಮಾರು 75 ವೋಲ್ಟಿನ ಎಸಿ ವಿದ್ಯುತ್. ತಂತಿ ಹಿಡಿದಾಗಲೇ ಕರೆ ಬಂದರೆ ಲೈನ್‌ಮನ್ನನ ಬೆರಳು ಜುಮ್ಮೆನ್ನುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನ್ ಬದುಕಿರುತ್ತಿದ್ದುದು ಇದರಿಂದಲೇ. ಫೈಬರ್ ಎಂಬ ಗಾಜಿನ ಎಳೆಯಲ್ಲಿ ಬರುವುದು ಬರೀ ಬೆಳಕು. ಗಂಟೆ ಬಾರಿಸುವ ಕೆಲಸ ಈಗ ಮನೆಯ ಮೋಡೆಮ್ಮಿನದು, ಅದಕ್ಕೆ ಮನೆಯದೇ ಕರೆಂಟ್ ಬೇಕು.

ಆದರೆ ಬೇಕಾಗುವುದು ಅಷ್ಟೇನೂ ಅಲ್ಲ. ಮೋಡೆಮ್ಮಿನ ಅಡಾಪ್ಟರ್ ಮೇಲೆ ಸಾಮಾನ್ಯವಾಗಿ 12 ವೋಲ್ಟ್, 1 ಆಂಪಿಯರ್ ಎಂದಿರುತ್ತದೆ, ಅಂದರೆ ಹೆಚ್ಚೆಂದರೆ 12 ವ್ಯಾಟ್. ಹಳೆಯ ಸೀಲಿಂಗ್ ಫ್ಯಾನ್ ಒಂದೇ 75 ವ್ಯಾಟ್ ತಿನ್ನುತ್ತದೆ. ಇನ್ವರ್ಟರ್ ಇದ್ದ ಮನೆಯವರು ನೋಡಬೇಕಾದ್ದು, ಮೋಡೆಮ್ ಚುಚ್ಚಿದ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಇದೆಯೋ ಇಲ್ಲವೋ ಎಂಬುದನ್ನು. ಬಹಳ ಮನೆಗಳಲ್ಲಿ ಫ್ಯಾನು, ಲೈಟು ಅದರಲ್ಲಿರುತ್ತವೆ, ಪ್ಲಗ್ಗು ಇರುವುದಿಲ್ಲ. ಇನ್ವರ್ಟರ್ ಇಲ್ಲದವರಿಗೆ ಅಂಗೈಯಗಲದ ಮಿನಿ ಯುಪಿಎಸ್ ಸಿಗುತ್ತದೆ.

ಅಂಗಡಿಯವರು ಮಾತ್ರ ಸ್ಪೀಡಿನ ಮಾತೇ ಆಡುತ್ತಾರೆ. ಫೋನಿಗೆ ಅದು ಬೇಕೇ? ನಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಒಂದೊಂದು ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದರೆ ಸೆಕೆಂಡಿಗೆ 64 ಕಿಲೋಬಿಟ್. ಇದನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಪೊಟ್ಟಣಗಳಾಗಿ ಕಟ್ಟಿ, ವಿಳಾಸ ಬರೆದು ಕಳಿಸುತ್ತಾರೆ. "ಯವ್ವಾ" ಎನ್ನಲು ಅರ್ಧ ಸೆಕೆಂಡ್ ಹಿಡಿದರೆ ಅದು 25 ಪೊಟ್ಟಣ. ವಿಳಾಸದ ಭಾರ ಸೇರಿಸಿದರೂ ಒಂದು ದಿಕ್ಕಿಗೆ ಸುಮಾರು 90 ಕಿಲೋಬಿಟ್ ಸಾಕು. 30 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 30,000 ಕಿಲೋಬಿಟ್‌ನ ಪ್ಲಾನಿಗೆ ಅದು ಲೆಕ್ಕಕ್ಕೇ ಇಲ್ಲ.

ಪೊಟ್ಟಣ ಹೊತ್ತಿಗೆ ಸರಿಯಾಗಿ ಮುಟ್ಟಬೇಕು, ಅಷ್ಟೇ. ವಾಟ್ಸ್ಆ್ಯಪ್ ಫೋಟೋ ಎರಡು ಸೆಕೆಂಡ್ ತಡವಾದರೆ ಯಾರಿಗೂ ಗೊತ್ತಾಗದು. ತಡವಾಗಿ ಬಂದ ಮಾತಿನ ತುಣುಕು ಕಳೆದುಹೋದ ತುಣುಕಿಗೆ ಸಮ. ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡಿನೊಳಗೆ ಇದ್ದರೆ ಮಾತು ಸಹಜ ಅನ್ನಿಸುತ್ತದೆ. ಅದು ತೀರಾ ಹೆಚ್ಚಾದರೆ ಇಬ್ಬರೂ ಒಮ್ಮೆಲೇ ಮಾತಾಡಿ, ಇಬ್ಬರೂ ಒಮ್ಮೆಲೇ ಸುಮ್ಮನಾಗುತ್ತಾರೆ. ಇನ್ನೊಂದು ಮೋಜು: ಯಾರೂ ಮಾತಾಡದಾಗ ಪೊಟ್ಟಣ ಉಳಿಸುವ ವ್ಯವಸ್ಥೆಗಳಲ್ಲಿ ಕಿವಿಗೆ ಬೀಳುವ ಸಣ್ಣ ಸುಯ್ ಸದ್ದು ಬೇಕೆಂದೇ ಸೇರಿಸಿದ್ದು. ಅದಿಲ್ಲದಿದ್ದರೆ ಲೈನ್ ಕಟ್ಟಾಯಿತೆಂದು ನಾವು "ಹಲೋ, ಹಲೋ" ಎಂದು ಕೂಗುತ್ತಿದ್ದೆವು.

ಹಳೆಯ ತಂತಿಗೆ ಒಂದು ಸುಖವಿತ್ತು. ಕಡಿದರೆ ಲೈನ್‌ಮನ್ ಹಲ್ಲಿನಿಂದಲೇ ಸಿಪ್ಪೆ ಸುಲಿದು, ಎರಡು ಎಳೆ ಹೊಸೆದು, ಟೇಪ್ ಸುತ್ತಿ ಹೋಗುತ್ತಿದ್ದ. ಫೈಬರ್ ಬೆಸೆಯಲು ಯಂತ್ರವೇ ಬೇಕು, ಅದು ಬರುವ ತನಕ ಕಾಯಬೇಕು. ಆದ್ದರಿಂದ ವಯಸ್ಸಾದವರು ಒಬ್ಬರೇ ಇರುವ ಮನೆಯಲ್ಲಿ ತುರ್ತು ನಂಬರ್ 112ಕ್ಕೆ ಹಚ್ಚಲು ಚಾರ್ಜ್ ಇರುವ ಮೊಬೈಲ್ ಒಂದು ಕಿಟಕಿಯ ಹತ್ತಿರ ಇರಲೇಬೇಕು. ಮನೆಯೊಳಗೇ ಸಿಗ್ನಲ್ ಚೆನ್ನಾಗಿದ್ದು, ಎಲ್ಲರ ಕೈಯಲ್ಲೂ ಮೊಬೈಲ್ ಇದ್ದರೆ ಈ ಫೋನ್ ಯಾಕೆ ಬೇಕು, ನನಗಂತೂ ಗೊತ್ತಿಲ್ಲ. ಕಲ್ಲಿನ ಮನೆಯ ದೊಡ್ಡವ್ವನ ಕಥೆ ಬೇರೆ.

ಆಕೆ ಹಾಕಿಸಿಕೊಂಡಳು. ಇಲೆಕ್ಟ್ರಿಷಿಯನ್ ಬಂದು ಪ್ಲಗ್ಗನ್ನು ಇನ್ವರ್ಟರಿಗೆ ಸೇರಿಸಿದ. "ಮೇನ್ ತೆಗಿ, ಹೊರಗ ನಿಂತು ಫೋನ್ ಹಚ್ಚು" ಎಂದು ನನಗೆ ಅಪ್ಪಣೆಯಾಯಿತು. ಹಚ್ಚಿದೆ. ಕತ್ತಲ ಪಡಸಾಲೆಯಲ್ಲಿ ಗಂಟೆ ಬಾರಿಸಿತು, ಮಾತೂ ಕೇಳಿಸಿತು. ಆಮೇಲೆ ತಿರುಗಿ ನನಗೇ ಹಚ್ಚಲು ಹೋದಳು, ಆಗಲಿಲ್ಲ. ಆಕೆಯದು ಬೆರಳಿಟ್ಟು ತಿರುಗಿಸುವ ಡಯಲ್. ಅದರ ಟಕಟಕ ಎಷ್ಟೋ ಹೊಸ ಮೋಡೆಮ್‌ಗಳಿಗೆ ಅರ್ಥವೇ ಆಗುವುದಿಲ್ಲ. ಅವುಗಳಿಗೆ ಒತ್ತುಗುಂಡಿಯ ಸ್ವರಗಳೇ ಬೇಕು. ಮರುದಿನ ಸೂಪರ್ ಮಾರ್ಕೆಟ್‌ಗೆ ಹೋಗಿ ಗುಂಡಿ ಫೋನ್ ತಂದುಕೊಟ್ಟೆ. ಕಪ್ಪು ಡಯಲ್ ಫೋನ್ ಇನ್ನೂ ಅದರ ಪಕ್ಕದಲ್ಲೇ ಕೂತಿದೆ, ಕಸೂತಿ ಬಟ್ಟೆ ಹೊದ್ದು.