ಊರು ಬದಲಾದರೂ ಕೈ ಜೇಬಿಗೇ ಹೋಗುತ್ತದೆ

ಲಾಂಗ್ ವೀಕೆಂಡ್ ಮುಗಿದ ವಾರ ನನ್ನ ಕೌನ್ಸೆಲಿಂಗ್ ಕೋಣೆಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಸುತ್ತದೆ. “ಮೇಡಂ, ತೀರ್ಥಹಳ್ಳಿ ಕಡೆ ಹೋಗಿದ್ವಿ. ಜಾಗ ತುಂಬಾ ಚೆನ್ನಾಗಿತ್ತು. ಆದ್ರೆ ರೆಸ್ಟ್ ಸಿಕ್ಕ ಹಾಗೆ ಅನ್ನಿಸಲೇ ಇಲ್ಲ.” ಫೋನ್ ಎಲ್ಲಿತ್ತು ಅಂತ ಕೇಳಿದರೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ.

ಫೋನ್ ಬಿಡುವ ಕೆಲಸ ಮಲೆನಾಡು ತಲುಪಿದ ಮೇಲೆ ಶುರುವಾಗುವುದಲ್ಲ. ಬೆಂಗಳೂರಿನಲ್ಲೇ, ಬ್ಯಾಗ್ ತುಂಬುವಾಗಲೇ ಶುರುವಾಗಬೇಕು.

ಐಟಿ ಕಂಪನಿಯಲ್ಲಿ ಸಪೋರ್ಟ್ ಕೆಲಸ ಮಾಡುವ ಒಬ್ಬರ ಕಥೆ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಹೋಮ್‌ಸ್ಟೇ ಜಗಲಿಯಲ್ಲಿ ಕೂತಿದ್ದಾರೆ, ಫೋನ್ ಏರೋಪ್ಲೇನ್ ಮೋಡ್‌ನಲ್ಲಿದೆ. ಆದರೂ ಆಗಾಗ ತೆಗೆಯುತ್ತಾರೆ. ಲಾಕ್ ತೆರೆದು, ಸ್ಕ್ರೀನನ್ನು ಆ ಕಡೆ ಈ ಕಡೆ ಸರಿಸಿ, ಗ್ಯಾಲರಿಯಲ್ಲಿ ಹಳೇ ಫೋಟೊ ನೋಡಿ, ಮತ್ತೆ ಜೇಬಿಗೆ ಹಾಕುತ್ತಾರೆ. “ಏನ್ರೀ ಹುಡುಕ್ತಿದ್ದೀರಾ?” ಅಂತ ಹೆಂಡತಿ ಕೇಳಿದರೆ, “ಏನಿಲ್ಲ, ಸುಮ್ನೆ.” ಸಂಜೆ ಹೊತ್ತಿಗೆ ಮನೆ ಹಿಂದಿನ ಗುಡ್ಡ ಹತ್ತಿ ಟವರ್ ಹುಡುಕುತ್ತಿದ್ದರಂತೆ.

ಇದು ಮನಸ್ಸು ಗಟ್ಟಿ ಇಲ್ಲದ್ದರಿಂದ ಆಗುವುದಲ್ಲ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪ್ರಯೋಗಗಳಲ್ಲಿ ಪಾರಿವಾಳಗಳು ಗುಂಡಿ ಕುಕ್ಕಿದರೆ ಕಾಳು ಸಿಗುತ್ತಿತ್ತು. ಪ್ರತಿ ಸಲವೂ ಕಾಳು ಸಿಕ್ಕಿದ ಹಕ್ಕಿ, ಕಾಳು ನಿಂತಾಗ ಬೇಗ ಸುಮ್ಮನಾಯಿತು. ಯಾವಾಗ ಸಿಗುತ್ತದೋ ಗೊತ್ತಿಲ್ಲದೆ ಕುಕ್ಕುತ್ತಿದ್ದ ಹಕ್ಕಿ ಮಾತ್ರ, ಕಾಳು ನಿಂತ ಮೇಲೂ ತುಂಬಾ ಹೊತ್ತು ಬಿಡಲಿಲ್ಲ. ನಮ್ಮ ಮೆಸೇಜು, ಲೈಕು, ಸುದ್ದಿ ಎಲ್ಲವೂ ಬರುವುದು ಹೀಗೇ ಅಲ್ವಾ? ಸಾಲದ್ದಕ್ಕೆ, 2006ರಲ್ಲಿ ಡಿಸೈನರ್ ಏಜಾ ರಾಸ್ಕಿನ್ ರೂಪಿಸಿದ ಕೊನೆಯಿಲ್ಲದ ಸ್ಕ್ರೋಲ್ ಈಗ ಬಹಳಷ್ಟು ಆ್ಯಪ್‌ಗಳಲ್ಲೂ ಇದೆ. ‘ಓದಿ ಮುಗೀತು’ ಅನ್ನುವ ಜಾಗವೇ ಸಿಗುವುದಿಲ್ಲ.

ಹಾಗಾಗಿ ಮೊದಲ ದಿನದ ಚಡಪಡಿಕೆ ನೋಡಿ ‘ಈ ಊರು ಬೋರು’ ಅಂತ ತೀರ್ಮಾನ ಮಾಡಬೇಡಿ. ನಾನು ಕಂಡಂತೆ ಹೆಚ್ಚಿನವರಿಗೆ ಎರಡು ಮೂರು ದಿನಗಳಲ್ಲಿ ಅದು ಇಳಿಯುತ್ತದೆ. ಒಂದೇ ರಾತ್ರಿಯ ಟ್ರಿಪ್‌ನಲ್ಲಿ ಬರೀ ಚಡಪಡಿಕೆ ಅನುಭವಿಸಿ ವಾಪಸ್ ಬರುತ್ತೀರಿ.

ಹೊರಡುವ ಮುಂಚಿನ ತಯಾರಿಯೇ ಮುಖ್ಯ. ದುಡ್ಡು, ದಾರಿ, ಟಿಕೆಟ್, ಅಲಾರಂ ಎಲ್ಲಾ ಫೋನಿನಲ್ಲೇ ಇದ್ದರೆ ಬಿಡುವುದು ಹೇಗೆ? ಬಸ್ ಟಿಕೆಟ್ ಪ್ರಿಂಟ್ ಮಾಡಿಸಿ. ಮ್ಯಾಪ್ ಮುಂಚೆಯೇ ಡೌನ್‌ಲೋಡ್ ಮಾಡಿ. ನೋಟು, ಚಿಲ್ಲರೆ ಇಟ್ಟುಕೊಳ್ಳಿ. ನೆಟ್‌ವರ್ಕ್ ಇಲ್ಲದ ಕಡೆ ಯುಪಿಐ ಹೇಗೂ ಕೈಕೊಡುತ್ತದೆ. ಸಿಮ್ಮನ್ನು ಕೀಪ್ಯಾಡ್ ಫೋನಿಗೆ ಹಾಕಿಕೊಳ್ಳುವುದು ಇನ್ನೂ ಒಳ್ಳೆಯದು. ಕರೆ, ಒಟಿಪಿ ಎರಡೂ ಬರುತ್ತವೆ. ಜಿಯೋ ಸಿಮ್ ಇದ್ದರೆ 4ಜಿ ಕೀಪ್ಯಾಡ್ ಸೆಟ್ಟೇ ಬೇಕು, ಹಳೇ 2ಜಿ ಸೆಟ್‌ನಲ್ಲಿ ನಡೆಯುವುದಿಲ್ಲ.

ಸುದ್ದಿಯ ವಿಷಯ ಸ್ವಲ್ಪ ಬೇರೆ. “ನಾವಿಲ್ಲದಾಗ ಏನಾದ್ರೂ ಆಗಿಬಿಟ್ರೆ?” ಅನ್ನುವ ಭಯ ನಿಜವಾದದ್ದು. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದಾಗಂತೂ ಇನ್ನೂ ಜಾಸ್ತಿ. ಆ ಭಯವನ್ನು ಗದರಿಸಿ ಸುಮ್ಮನಾಗಿಸಬೇಡಿ, ಅದಕ್ಕೊಂದು ದಾರಿ ಮಾಡಿಕೊಡಿ. ತಮ್ಮನಿಗೋ ಪಕ್ಕದ ಮನೆಯವರಿಗೋ ಹೋಮ್‌ಸ್ಟೇ ನಂಬರ್ ಕೊಟ್ಟು, “ನಿಜವಾಗ್ಲೂ ಅರ್ಜೆಂಟ್ ಇದ್ರೆ ಫೋನ್ ಮಾಡಿ” ಅಂತ ಹೇಳಿಬನ್ನಿ. ಹೊಣೆ ಹೊತ್ತವರೊಬ್ಬರು ಇದ್ದಾರೆ ಅಂತ ಗೊತ್ತಾದರೆ, ಟವರ್ ಹುಡುಕುವ ಕಾಲು ತಾನಾಗಿ ನಿಲ್ಲುತ್ತದೆ. ಲೋಕದ ಸುದ್ದಿಗೆ ಬಸ್ಸಿನಲ್ಲಿ ಬರುವ ಪೇಪರ್ ಸಾಕು. ಟಿವಿ ಬೇಡ. ಒಂದೇ ತುಣುಕನ್ನು ಇಡೀ ದಿನ ಬ್ರೇಕಿಂಗ್ ನ್ಯೂಸ್ ಅಂತ ತೋರಿಸಿದರೆ ಗೊತ್ತಾಗುವುದು ಹೆಚ್ಚುವುದಿಲ್ಲ, ಎದೆಬಡಿತ ಮಾತ್ರ ಹೆಚ್ಚುತ್ತದೆ.

ವಾಪಸ್ ಬರುವಾಗ ನೆಲಮಂಗಲ ದಾಟುತ್ತಿದ್ದಂತೆ ಎಲ್ಲ ಗ್ರೂಪ್ ತೆರೆಯಬೇಡಿ. ಮನೆಗೆ ಹೋಗಿ, ಸ್ನಾನ, ತಿಂಡಿ ಮುಗಿಸಿ ಆಮೇಲೆ ನೋಡಿ. ಹಳೇ ಮೆಸೇಜ್‌ಗಳನ್ನೆಲ್ಲಾ ಓದಿ ಮುಗಿಸಬೇಕೆಂದೇನೂ ಇಲ್ಲ, ಬೇಕಾದವರು ಮತ್ತೆ ಕೇಳುತ್ತಾರೆ.

ಇಷ್ಟೆಲ್ಲಾ ಮಾಡಿದರೂ ಫೋನ್ ಬಿಡಲಾಗದೆ ನಿದ್ದೆ, ಕೆಲಸ, ಮನೆಯವರ ಜೊತೆಗಿನ ಮಾತು ಹಾಳಾಗುತ್ತಿದ್ದರೆ ಅದು ರಜೆಯಲ್ಲಿ ಸರಿಹೋಗುವ ವಿಷಯವಲ್ಲ. ನಮ್ಮ ನಿಮ್ಹಾನ್ಸ್‌ನಲ್ಲೇ 2014ರಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಶುರುವಾಗಿದೆ. ಹೋಗಿ ಮಾತಾಡಿ. ಮಕ್ಕಳನ್ನು ಮಾತ್ರ ಕರೆದುಕೊಂಡು ಹೋಗುವ ಜಾಗ ಅಂದುಕೊಳ್ಳಬೇಡಿ, ದೊಡ್ಡವರೂ ಹೋಗಬಹುದು.